ಕಡಲ ಗಾಳಿಗೆ ಗಾಜಿನ ಕದ

ಹೊಸ ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತ ಕುಟುಂಬಗಳಲ್ಲಿ ಈಗೀಗ ಒಂದು ಮಾತು ತಪ್ಪದೆ ಏಳುವುದುಂಟು. ಪಡಸಾಲೆಯಿಂದ ಜಗಲಿಗೆ, ಇಲ್ಲವೆ ಮಹಡಿಯ ಕೋಣೆಯಿಂದ ಬಿಸಿಲುಮಚ್ಚಿಗೆ ‘ಫ್ರೆಂಚ್ ಬಾಗಿಲು’ ಇರಿಸಬೇಕೆ, ಬೇಡವೆ? ನೆಲದಿಂದ ತಲೆಯೆತ್ತರದವರೆಗೂ ಗಾಜು ತುಂಬಿದ, ನಟ್ಟನಡುವೆ ಸೀಳಿ ಎರಡು ಮಗ್ಗುಲಿಗೂ ತೆರೆದುಕೊಳ್ಳುವ ಆ ಜೋಡಿ ಕದವನ್ನು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಕಂಡುಬಂದ ಮಗನಿಗೆ ಅದರ ಮೇಲೆ ಮನಸ್ಸು. ಸೊಸೆಗೆ ಬೆಳಕಿನ ಆಸೆ. ಮನೆಯ ಹಿರಿಯಳು ಮಾತ್ರ ಒಂದೇ ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತಾಳೆ: “ಗಾಜಿನ ಬಾಗಿಲಿಗೆ ಮಳೆಗಾಲದ ತಟ್ಟಿಯನ್ನು ಎಲ್ಲಿ ಕಟ್ಟುವಿರಿ?”

ಭಟ್ಕಳ, ಹೊನ್ನಾವರ, ಕುಮಟೆಗಳ ಮಟ್ಟಿಗೆ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಇನ್ನೊಂದಿಲ್ಲ. ಸಾವಿರಗಟ್ಟಲೆ ರೂಪಾಯಿ ತೆತ್ತು ತಂದ ಬಾಗಿಲು ಮೊದಲ ಆಷಾಢದಲ್ಲಿಯೇ ಉಬ್ಬಿ ಕೂತು, ಎರಡನೆಯ ಆಷಾಢದಲ್ಲಿ ತುಕ್ಕು ಕಾರಿ, ಮೂರನೆಯದರಲ್ಲಿ ಪಡಸಾಲೆಯನ್ನೇ ಕೆರೆಯಾಗಿಸಿದರೆ, ಅದನ್ನು ಕಿತ್ತು ಗೋಡೆ ಕಟ್ಟಿಸುವ ಖರ್ಚು ಬಾಗಿಲಿನ ಬೆಲೆಗಿಂತ ಹಿರಿದಾದೀತು. ಆದಕಾರಣ ಆಸೆಯನ್ನು ಬದಿಗಿಟ್ಟು, ಹಿರಿಯಳ ಪ್ರಶ್ನೆಗೆ ಉತ್ತರವುಂಟೇ ಎಂಬುದನ್ನು ಮೊದಲು ನೋಡುವುದು ಲೇಸು.

ಈ ಬಾಗಿಲು ಹುಟ್ಟಿದ್ದು ೧೭ನೆಯ ಶತಮಾನದ ಫ್ರಾನ್ಸಿನಲ್ಲಿ. ಅಲ್ಲಿನವರು ಇದನ್ನು ‘ಬಾಗಿಲು-ಕಿಟಕಿ’ ಎಂಬ ಅರ್ಥ ಬರುವ ಹೆಸರಿನಿಂದಲೇ ಕರೆಯುತ್ತಾರೆ. ಚಳಿನಾಡಿನ ಮಂದಬೆಳಕನ್ನು ಒಳಮನೆಗೆ ಕರೆತರುವುದೇ ಅದರ ಉದ್ದೇಶ. ದೊಡ್ಡ ಗಾಜಿನ ಹಾಳೆಯನ್ನು ಮಾಡುವುದು ಆ ಕಾಲದಲ್ಲಿ ದುಸ್ಸಾಧ್ಯವಾಗಿದ್ದುದರಿಂದ ಕದವನ್ನು ಮರದ ಪಟ್ಟಿಗಳಿಂದ ಚೌಕಚೌಕವಾಗಿ ವಿಭಾಗಿಸಿ ಸಣ್ಣ ಗಾಜುಗಳನ್ನು ಕೂರಿಸುತ್ತಿದ್ದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟು ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆ ೧೯೫೯ರಲ್ಲಿ ಪ್ರಕಟಿಸಿದ ತರುವಾಯ ಆಳೆತ್ತರದ ಗಾಜು ಸುಲಭವಾಯಿತು. ಆದರೂ ಚೌಕಗಳ ಚೆಲುವು ಜನರ ಕಣ್ಣಿನಲ್ಲಿ ಉಳಿದುಕೊಂಡಿತು. ಇಂದು ಒಂದೇ ಹಾಳೆಯ ಗಾಜಿನ ಮೇಲೆ ಸುಳ್ಳುಪಟ್ಟಿಗಳನ್ನು ಅಂಟಿಸಿ ಮಾರುವವರೂ ಇದ್ದಾರೆ. ಅದು ಶೋಭೆಗೆ ಆದೀತು; ಪಟ್ಟಿಯ ಸಂದಿಯಲ್ಲಿ ನಿಲ್ಲುವ ಉಪ್ಪುಧೂಳನ್ನು ಒರೆಸುವ ಕೆಲಸ ಮನೆಯಾಕೆಯ ಪಾಲಿಗೆ.

ಪರದೇಶದ ವಸ್ತುವೆಂಬ ಕಾರಣಕ್ಕೆ ಈ ಕರಾವಳಿ ಯಾವುದನ್ನೂ ದೂರವಿಟ್ಟುದಿಲ್ಲ. ಇಬ್ನ್ ಬತೂತ ೧೪ನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡುಹೋದ. ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿಗೆ ಕುದುರೆಗಳು ಇಳಿದವು. ೧೯ನೆಯ ಶತಮಾನದಲ್ಲಿ ಒಳನಾಡಿನ ಹತ್ತಿ ಕುಮಟೆಯಿಂದ ಹಡಗೇರಿ, ಆ ಊರಿನ ಹೆಸರನ್ನೇ ಹೊತ್ತು ಹೊರಗೆ ಮಾರಾಟವಾಯಿತು. ಕೊಂಕಣಿಗರು ಕಿಟಕಿಗೆ ಹೇಳುವ ‘ಜನೇಲ್’ ಎಂಬುದು ಪೋರ್ತುಗೀಸರು ಬಿಟ್ಟುಹೋದ ಮಾತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದಮೇಲೆ ಸೋಗೆಯ ಮಾಡುಗಳು ಒಂದೊಂದಾಗಿ ಕೆಂಪು ಹಂಚನ್ನು ಹೊತ್ತವು. ಇನ್ನು ಜೋಡಿ ಕದವೆಂಬುದು ನಮ್ಮ ಹಳೆಯ ಮನೆಗಳಿಗೆ ಹೊಸತೇ ಅಲ್ಲ. ಹೆಬ್ಬಾಗಿಲು ಎಂದರೆ ಎರಡು ಪಡಿಯದು ಎಂಬುದೇ ರೂಢಿ. ಹೊಸದಾಗಿ ಬಂದುದು ಮರದ ಹಲಗೆಯ ಜಾಗದಲ್ಲಿ ಗಾಜು, ಅಷ್ಟೇ. ತೊಂದರೆಯೆಲ್ಲ ಇರುವುದೂ ಅಲ್ಲಿಯೇ.

ಮಳೆಯ ಓಟ

ಬೆಂಗಳೂರಿನಲ್ಲಿ ವರ್ಷವೆಲ್ಲ ಕೂಡಿದರೂ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ, ಈ ಮೂರು ತಾಲೂಕುಗಳಲ್ಲಿ ಮೂರು ಸಾವಿರವನ್ನು ಮೀರುತ್ತದೆ. ಅದರ ಬಹುಪಾಲು ಮೃಗಶಿರೆಯಿಂದ ಉತ್ತರೆಯವರೆಗಿನ ನಾಲ್ಕು ತಿಂಗಳಲ್ಲಿಯೇ ಬಂದುಬಿಡುತ್ತದೆ. ೨೦೨೨ರ ಆಗಸ್ಟ್ ೧ರ ರಾತ್ರಿಯಿಂದ ೨ರ ಮುಂಜಾನೆಯವರೆಗೆ ಭಟ್ಕಳದಲ್ಲಿ ಸುರಿದ ಮಳೆಯನ್ನು ಆ ಊರು ಮರೆತಿಲ್ಲ. ಒಂದೇ ದಿನದ ಅಳತೆ ಐನೂರು ಮಿಲಿಮೀಟರನ್ನು ದಾಟಿತ್ತು. ಅಂಗಡಿ ಮನೆಗಳಿಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಅಸುನೀಗಿದರು. ಅದಕ್ಕೆ ಹಿಂದಿನ ವರ್ಷ, ೨೦೨೧ರ ಮೇ ತಿಂಗಳ ನಡುವಿನಲ್ಲಿ, ‘ತೌಕ್ತೆ’ ಎಂಬ ಚಂಡಮಾರುತ ಇದೇ ಕರೆಯ ಮಗ್ಗುಲಲ್ಲಿ ಹಾದುಹೋಗಿತ್ತು.

ಆದರೆ ಬಾಗಿಲಿನ ವೈರಿ ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಓರೆ. ಇಲ್ಲಿ ಮಳೆ ಬೀಳುವುದಿಲ್ಲ, ಓಡುತ್ತದೆ ಎನ್ನಬೇಕು. ನಡುಗಾತ್ರದ ಹನಿಯೊಂದು ಕೆಳಗಿಳಿಯುವ ವೇಗ ಸೆಕೆಂಡಿಗೆ ಆರೇಳು ಮೀಟರು. ಕಡಲಿನಿಂದ ಗಾಳಿ ಸೆಕೆಂಡಿಗೆ ಹತ್ತು ಮೀಟರಿನಂತೆ ಬೀಸಿದರೆ ಆ ಹನಿ ಒಂದಡಿ ಇಳಿಯುವಷ್ಟರಲ್ಲಿ ಒಂದೂವರೆ ಅಡಿ ಒಳಸರಿದಿರುತ್ತದೆ. ಈ ಲೆಕ್ಕವನ್ನು ಜಗಲಿಗೆ ಅನ್ವಯಿಸಿ ನೋಡಬಹುದು. ಎಂಟಡಿ ಅಗಲದ ಜಗಲಿಗೆ ಸೂರಿನ ಅಂಚು ಒಂಬತ್ತಡಿ ಎತ್ತರದಲ್ಲಿದ್ದರೆ ಎರಚಲು ಬಾಗಿಲನ್ನು ಸುಮಾರು ನಾಲ್ಕಡಿ ಎತ್ತರದವರೆಗೂ ತೋಯಿಸುತ್ತದೆ. ಅದೇ ಸೂರು ಐದೂವರೆ ಅಡಿಗೆ ಇಳಿದಿದ್ದರೆ ನೀರು ಹೊಸ್ತಿಲ ಬಳಿಗೆ ಬರುವಷ್ಟರಲ್ಲಿ ನೆಲ ಹಿಡಿದಿರುತ್ತದೆ. ಹಳೆಯ ಮನೆಗಳಲ್ಲಿ ತಲೆ ಬಗ್ಗಿಸಿಯೇ ಜಗಲಿಯೇರಬೇಕಿತ್ತು. ಅದು ವಿನಯವನ್ನು ಕಲಿಸುವುದಕ್ಕೆಂದು ಕೆಲವರು ವ್ಯಾಖ್ಯಾನ ಮಾಡುವುದುಂಟು. ಕಟ್ಟಿದ ಆಚಾರಿಗೆ ವಿನಯಕ್ಕಿಂತ ಎರಚಲಿನ ಚಿಂತೆ ಹೆಚ್ಚಾಗಿದ್ದಿರಬೇಕು. ಅದೂ ಸಾಲದೆಂದು ಮಳೆಗಾಲಕ್ಕೆ ಮುಂಚೆ ಹೆಣೆದ ತೆಂಗಿನ ಗರಿಯ ತಟ್ಟಿಯನ್ನು ಜಗಲಿಯ ಹೊರಮೈಗೆ ಕಟ್ಟುತ್ತಿದ್ದರು. ಅದು ನೀರನ್ನು ತಡೆದು ಗಾಳಿಯನ್ನು ಅಷ್ಟಿಷ್ಟು ಬಿಡುತ್ತಿತ್ತು. ದೀಪಾವಳಿಯ ಹೊತ್ತಿಗೆ ಬಚ್ಚಲ ಒಲೆಗೆ ಹೋಗುತ್ತಿತ್ತು.

ಕಾಂಕ್ರೀಟಿನ ಮನೆಗೆ ಹೊರಚಾಚಿದ ಸಜ್ಜೆ ಎರಡಡಿಯಿದ್ದರೆ ಅದೇ ದೊಡ್ಡದು. ಅಂಥ ಗೋಡೆಯ ಪಡುವಣ ಮುಖಕ್ಕೆ ಗಾಜಿನ ಜೋಡಿ ಕದವನ್ನು ಬಯಲಿಗೆ ನಿಲ್ಲಿಸುವುದೆಂದರೆ, ಎಷ್ಟು ಬೆಲೆಯ ಬಾಗಿಲಾದರೂ, ಅದನ್ನು ನಾಲ್ಕು ತಿಂಗಳು ತೊರೆಯಲ್ಲಿ ನಿಲ್ಲಿಸಿದಂತೆಯೇ ಸರಿ.

ಯಾವ ಮುಖಕ್ಕೆ?

ಕಡಲು ಇರುವುದು ಪಡುವಣಕ್ಕೆ. ನೋಟ ಬೇಕೆನ್ನುವವರ ಮನಸ್ಸೂ ಆ ಕಡೆಗೇ. ಮಳೆ ಬರುವುದೂ, ಉಪ್ಪುಗಾಳಿ ಬರುವುದೂ, ಎರಡು ಗಂಟೆಯಿಂದ ಸಂಜೆಯವರೆಗಿನ ಬೇಸಗೆಯ ಬಿಸಿಲು ಬರುವುದೂ ಆ ಕಡೆಯಿಂದಲೇ. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಳಬಿಡುತ್ತದೆ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜೆಯ ನೆರಳು ಅದಕ್ಕೆ ತಾಗುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅಂಥ ಕೋಣೆ ಬಾಣಲೆಯಾಗದೆ ಇನ್ನೇನಾದೀತು?

ಅಕ್ಷಾಂಶದ ಗಣಿತವೂ ಇಲ್ಲಿ ನೆರವಿಗೆ ಬರುತ್ತದೆ. ಮೂರೂ ಊರುಗಳು ಭೂಮಧ್ಯರೇಖೆಯಿಂದ ಬಡಗಣಕ್ಕೆ ಸುಮಾರು ಹದಿನಾಲ್ಕು ಡಿಗ್ರಿಯಲ್ಲಿವೆ. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ಇಲ್ಲಿನವರ ನೆತ್ತಿಯನ್ನು ದಾಟಿ ಬಡಗಣಕ್ಕೆ ಸರಿದರೆ ಮತ್ತೆ ತೆಂಕಣಕ್ಕೆ ಮರಳುವುದು ಆಗಸ್ಟ್ ನಡುವಿನಲ್ಲಿ. ಎಂದರೆ ಸೆಕೆಯ ಮೇ ತಿಂಗಳಲ್ಲಿ ತೆಂಕಣ ಗೋಡೆಗೆ ನಡುಹಗಲಿನ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ಮಾತ್ರ ಸೂರ್ಯ ತೆಂಕಣದಲ್ಲಿ ಬಾಗಿ ನಡೆಯುತ್ತಾನೆ. ಬಾಗಿಲ ತಲೆಯ ಮಟ್ಟದಲ್ಲಿ ನಾಲ್ಕಡಿ ಚಾಚಿದ ಸೂರಿದ್ದರೆ ಆಗಲೂ ಮಧ್ಯಾಹ್ನದ ಬಿಸಿಲು ಕದದ ಪಾದವನ್ನಷ್ಟೇ ಮುಟ್ಟುತ್ತದೆ. ಮೂಡಣದ ಬಾಗಿಲಿಗೆ ಎಳೆಬಿಸಿಲು, ಮಳೆಗೆ ಬೆನ್ನು, ರಾತ್ರಿಯ ಹೊತ್ತು ಘಟ್ಟದ ಕಡೆಯಿಂದ ಇಳಿಯುವ ತಂಗಾಳಿ. ಹಿತ್ತಿಲ ತೋಟ ಮೂಡಣಕ್ಕಿದ್ದರೆ ಗಾಜಿನ ಬಾಗಿಲಿಗೆ ಅದಕ್ಕಿಂತ ಒಳ್ಳೆಯ ಸ್ಥಾನವಿಲ್ಲ. ಬಡಗಣವೂ ಆದೀತು.

ಹಾಗಾದರೆ ಪಡುವಣವನ್ನು ಮುಚ್ಚಿಬಿಡಬೇಕೆ? ಖಂಡಿತ ಬೇಡ. ಹಗಲಿನ ಕಡಲಗಾಳಿ ಬರುವುದು ಆ ಕಡೆಯಿಂದ. ಅದಿಲ್ಲದೆ ಈ ಊರುಗಳ ಬೇಸಗೆಯನ್ನು ಕಳೆಯುವುದು ಹೇಗೆ? ಫ್ರೆಂಚ್ ಬಾಗಿಲಿನ ನಿಜವಾದ ಗುಣವಿರುವುದೂ ಗಾಳಿಯ ವಿಷಯದಲ್ಲಿಯೇ. ಕಿಟಕಿ ಸೊಂಟದ ಮೇಲಿನ ಗಾಳಿಯನ್ನಷ್ಟೇ ಒಳತಂದರೆ ಇದು ಚಾಪೆಯ ಮೇಲೆ ಮಲಗಿದವರಿಗೂ ಗಾಳಿಯನ್ನು ಮುಟ್ಟಿಸುತ್ತದೆ. ಎದುರುಗೋಡೆಯಲ್ಲಿ ಹೊರಹೋಗುವ ದಾರಿಯೊಂದಿರಬೇಕೆಂಬುದನ್ನು ಮಾತ್ರ ಮರೆಯಬಾರದು. ದಾರಿಯಿಲ್ಲದ ಕೋಣೆಗೆ ಎಷ್ಟು ದೊಡ್ಡ ಬಾಗಿಲಿಟ್ಟರೂ ಗಾಳಿ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ.

ಪಡುವಣಕ್ಕೆ ತಕ್ಕುದು ಗಾಜಿನ ಕದವಲ್ಲ, ಓರೆಪಟ್ಟಿಯ ಕದ. ಒಂದರ ಮೇಲೊಂದು ಬರುವಂತೆ, ಹೊರಕ್ಕೆ ಇಳಿಜಾರಾಗಿ ಕೂರಿಸಿದ ಮರದ ಪಟ್ಟಿಗಳು ಬಿಸಿಲನ್ನು ತಡೆಯುತ್ತವೆ, ನೀರನ್ನು ಹೊರಕ್ಕೆ ಜಾರಿಸುತ್ತವೆ, ಗಾಳಿಯನ್ನು ಬಿಡುತ್ತವೆ. ಬಿರುಮಳೆಯಲ್ಲಿ ತುಸು ತುಂತುರು ಒಳಬರುವುದು ನಿಜ. ಅದಕ್ಕಾಗಿ ಒಳಮಗ್ಗುಲಿಗೆ ಗಾಜಿನ ಇನ್ನೊಂದು ಜೋಡಿಯನ್ನು ಇಡಬಹುದು. ಫ್ರಾನ್ಸಿನವರೂ ತಮ್ಮ ಗಾಜಿನ ಬಾಗಿಲಿನ ಹೊರಗೆ ಮರದ ಕದವನ್ನು ಇಡುವ ವಾಡಿಕೆಯುಂಟು. ಪುದುಚೇರಿಯ ಫ್ರೆಂಚ್ ಬೀದಿಗಳಲ್ಲಿ ಅಡ್ಡಾಡಿದವರು ಓರೆಪಟ್ಟಿಯ ಆ ಕದಗಳನ್ನು ಕಂಡೇ ಇರುತ್ತಾರೆ. ನಮ್ಮಲ್ಲಿಗೆ ಬರುವಾಗ ಗಾಜು ಮಾತ್ರ ಬಂದು ಹೊರಗದ ದಾರಿಯಲ್ಲಿಯೇ ಉಳಿದುಹೋಯಿತು. ಭಟ್ಕಳದ ಶಿಲ್ಪಿಗಳಿಗಂತೂ ಈ ಉಪಾಯ ಹೊಸದಲ್ಲ. ಅಲ್ಲಿನ ಕೇತಪೈ ನಾರಾಯಣ ದೇವಾಲಯದಲ್ಲಿ ಮಾಡು ಕಲ್ಲುಚಪ್ಪಡಿಗಳ ಇಳಿಜಾರು. ಕಂಬಗಳ ನಡುವೆ ಕಲ್ಲಿನ ಪಟ್ಟಿಗಳ ತೆರೆ. ಮರದ ಕೆಲಸವನ್ನು ಕಲ್ಲಿನಲ್ಲಿ ಮಾಡಿ ಮಳೆಗೂ ಗಾಳಿಗೂ ಏಕಕಾಲದಲ್ಲಿ ಉತ್ತರ ಹೇಳಿದ ಜಾಣ್ಮೆ ಅದು. ಮನೆ ಕಟ್ಟಿಸುವವರು ಅಂಗಡಿಗೆ ಹೋಗುವ ಮುನ್ನ ಅದನ್ನೊಮ್ಮೆ ನೋಡಿ ಬರುವುದು ಒಳ್ಳೆಯದು.

ಒಳಕ್ಕೋ, ಹೊರಕ್ಕೋ?

ಕದ ಯಾವ ಕಡೆಗೆ ತೆರೆಯಬೇಕು ಎಂಬುದು ಸಣ್ಣ ವಿಷಯವಲ್ಲ. ಗಂಟೆಗೆ ನೂರು ಕಿಲೋಮೀಟರಿನ ಗಾಳಿ ಒಂದು ಚದರ ಮೀಟರಿನ ಮೇಲೆ ಹೇರುವ ಒತ್ತಡ ಸುಮಾರು ನಲವತ್ತೇಳು ಕಿಲೋಗ್ರಾಮಿನ ಭಾರಕ್ಕೆ ಸಮ. ಐದಡಿ ಅಗಲ, ಏಳಡಿ ಎತ್ತರದ ಜೋಡಿ ಕದದ ಮೇಲೆ ಅದು ನೂರೈವತ್ತು ಕಿಲೋಗ್ರಾಮನ್ನು ಮುಟ್ಟುತ್ತದೆ. ಇಬ್ಬರು ದೃಢಕಾಯರು ಹೊರಗಿನಿಂದ ಬಾಗಿಲಿಗೆ ಒರಗಿ ನಿಂತಂತೆ! ಒಳಕ್ಕೆ ತೆರೆಯುವ ಕದವಾದರೆ ಆ ಭಾರವೆಲ್ಲ ಒಂದು ಚಿಲಕ, ಎರಡು ಅಗುಳಿಗಳ ಮೇಲೆ ಬೀಳುತ್ತದೆ; ಗಾಳಿ ತಳ್ಳಿದಂತೆಲ್ಲ ಸಂದಿ ಅಗಲವಾಗಿ ನೀರು ಒಳಜಿನುಗುತ್ತದೆ. ಹೊರಕ್ಕೆ ತೆರೆಯುವ ಕದವಾದರೋ ಅದೇ ಗಾಳಿ ಅದನ್ನು ದಾರಂದಕ್ಕೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಮಳೆಯ ದೃಷ್ಟಿಯಿಂದ ಹೊರಕ್ಕೆ ತೆರೆಯುವುದೇ ಮೇಲು. ಸೊಳ್ಳೆಯ ಜಾಲರಿಯ ಕದಕ್ಕೂ ಆಗ ಒಳಮಗ್ಗುಲಲ್ಲಿ ಜಾಗ ಸಿಗುತ್ತದೆ. ಅಘನಾಶಿನಿ, ಶರಾವತಿಗಳ ಅಳಿವೆಯ ಬದಿಯಲ್ಲಿ ಜಾಲರಿಯಿಲ್ಲದ ಬಾಗಿಲನ್ನು ಸಂಜೆ ಯಾರು ತೆರೆದಾರು?

ಹೊರಕ್ಕೆ ತೆರೆಯುವುದಕ್ಕೂ ಕುಂದುಗಳಿಲ್ಲದಿಲ್ಲ. ಬಿಜಾಗ್ರಿಗಳು ಹೊರಗೆ ಕಾಣುವುದರಿಂದ ಅವುಗಳ ಕಡ್ಡಿಯನ್ನು ಕಿತ್ತು ಕದವನ್ನೇ ಎತ್ತಿಕೊಂಡು ಹೋಗುವ ಭಯವುಂಟು. ಕಡ್ಡಿ ಕಳಚದ ಜಾತಿಯ ಬಿಜಾಗ್ರಿಯನ್ನೇ ಕೇಳಿ ತರಬೇಕು. ತೆರೆದ ಕದ ಗಾಳಿಗೆ ಬಡಿದು ಗಾಜು ಪುಡಿಯಾಗದಂತೆ ಗೋಡೆಗೆ ಗಟ್ಟಿ ಕೊಕ್ಕೆಗಳಿರಬೇಕು. ಇನ್ನೊಂದು ಮಾತು ಭಟ್ಕಳದಂಥ ತಗ್ಗುಬೀದಿಗಳವರಿಗೆ ವಿಶೇಷವಾಗಿ ಸಲ್ಲತಕ್ಕದ್ದು. ಹೊರಗೆ ಅರ್ಧ ಮೀಟರು ನೀರು ನಿಂತರೆ ಒಂದು ಮೀಟರು ಅಗಲದ ಕದವನ್ನು ಅದು ನೂರಿಪ್ಪತ್ತೈದು ಕಿಲೋಗ್ರಾಮಿನಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. ಹೊರಕ್ಕೆ ತೆರೆಯುವ ಕದವನ್ನು ಆಗ ಒಳಗಿನ ಹೆಂಗಸರು ಮಕ್ಕಳು ತಳ್ಳಿ ತೆರೆಯುವ ಮಾತೇ ಇಲ್ಲ. ಆದಕಾರಣ ಮನೆಯ ಒಂದು ಬಾಗಿಲಾದರೂ, ಎತ್ತರದ ಮಗ್ಗುಲಿನಲ್ಲಿ, ಒಳಕ್ಕೆ ತೆರೆಯುವಂಥದಿರಲೇಬೇಕು. ನಕ್ಷೆ ಬರೆಯುವವರು ಇದನ್ನು ತಾವಾಗಿ ಹೇಳುವುದು ಅಪರೂಪ. ಕಟ್ಟಿಸುವವರೇ ಕೇಳಿ ಬರೆಯಿಸಿಕೊಳ್ಳಬೇಕು.

ಹೊಸ್ತಿಲಿಲ್ಲದ ಬಾಗಿಲು ಈಗಿನ ಬೆಡಗು. ಪಡಸಾಲೆಯ ನೆಲವೂ ಜಗಲಿಯ ನೆಲವೂ ಒಂದೇ ಮಟ್ಟದಲ್ಲಿ ಹರಿದುಹೋಗಬೇಕಂತೆ. ನೆಲದ ಜೊತೆಗೆ ನೀರೂ ಹರಿದುಬರುತ್ತದೆ. ಅರಿಸಿನ ಕುಂಕುಮವಿಟ್ಟು ಪೂಜಿಸಿದ, ತುಳಿಯಬಾರದೆಂದು ಮಕ್ಕಳಿಗೆ ಹೇಳಿಕೊಟ್ಟ ಹೊಸ್ತಿಲನ್ನು ಒಂದೂವರೆ ಅಂಗುಲವಾದರೂ ಉಳಿಸಿಕೊಳ್ಳಬೇಕು. ಜಗಲಿಯ ನೆಲ ಅದಕ್ಕಿಂತ ತಗ್ಗಿರಬೇಕು, ಹೊರಕ್ಕೆ ಇಳಿಜಾರಾಗಿರಬೇಕು. ಕದದ ಪಾದಕ್ಕೆ ಹೊರಚಾಚಿದ ಪಟ್ಟಿಯೊಂದನ್ನು ಕೂರಿಸಿ ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ತೆಗೆದರೆ, ಇಳಿದುಬಂದ ನೀರು ಒಳಕ್ಕೆ ಹರಿಯದೆ ಆ ಗೀರಿನಲ್ಲಿ ತಡೆದು ಹೊರಗೆ ತೊಟ್ಟಿಕ್ಕುತ್ತದೆ. ಎರಡು ಕದಗಳು ಕೂಡುವಲ್ಲಿಯೂ ಒಂದರ ಮೇಲೊಂದು ಬರುವ ಪಟ್ಟಿ ಅವಶ್ಯ. ಮುಪ್ಪಿನವರು ಗಾಲಿಕುರ್ಚಿಯಲ್ಲಿರುವ ಮನೆಗಳಲ್ಲಿ ಹೊಸ್ತಿಲಿಗೆ ಎರಡೂ ಕಡೆ ಇಳುಕಲು ಕೊಟ್ಟರಾಯಿತು.

ಮರ, ಲೋಹ, ಪ್ಲಾಸ್ಟಿಕ್

ಮರವನ್ನು ಬೈಯುವವರು ಹೆಚ್ಚಾಗಿದ್ದಾರೆ. ಉಬ್ಬುತ್ತದೆ, ಬಿರಿಯುತ್ತದೆ, ಒರಲೆ ತಿನ್ನುತ್ತದೆ ಎಂದು ದೂರು. ಉಬ್ಬುವುದು ಮರದ ತಪ್ಪಲ್ಲ; ಗಾಳಿಯ ತೇವ ಏರಿದಂತೆ ಅದು ನೀರನ್ನು ಕುಡಿಯುತ್ತದೆ. ಮರಗಳಲ್ಲಿಯೇ ಸ್ಥಿರಸ್ವಭಾವದ್ದೆನಿಸಿದ ಸಾಗುವಾನಿಯ ಒಂದಡಿ ಅಗಲದ ಹಲಗೆ ಕೂಡ ಒಣದಿನಗಳಿಂದ ಜಡಿಮಳೆಯ ದಿನಗಳಿಗೆ ಮೂರು ಮಿಲಿಮೀಟರಿಗೂ ಮಿಗಿಲಾಗಿ ಹಿಗ್ಗಬಹುದು. ಉದ್ದಕ್ಕೆ ಮಾತ್ರ ಹಿಗ್ಗುವುದಿಲ್ಲವೆಂದೇ ಹೇಳಬೇಕು. ಈ ಗುಟ್ಟನ್ನರಿತೇ ಹಿಂದಿನ ಆಚಾರಿಗಳು ಸಣ್ಣ ಪಟ್ಟಿಗಳ ಚೌಕಟ್ಟು ಮಾಡಿ ನಡುವಿನ ಹಲಗೆಯನ್ನು ಅಂಟಿಸದೆ ಗೀರಿನಲ್ಲಿ ಸಡಿಲವಾಗಿ ಕೂರಿಸುತ್ತಿದ್ದರು. ಗಾಜಿನ ಕದದಲ್ಲಿ ಅಗಲದ ಹಲಗೆಯೇ ಇಲ್ಲದಿರುವುದರಿಂದ ಈ ಮಟ್ಟಿಗೆ ಅದು ಮರಕ್ಕೆ ಅನುಕೂಲವಾದ ರಚನೆಯೇ. ಏಪ್ರಿಲಿನಲ್ಲಿ ಕೂರಿಸುವ ಕದಕ್ಕೆ ಹಿಗ್ಗಲು ಎಡೆ ಬಿಟ್ಟು ಕೂರಿಸಬೇಕು. ಜುಲೈಯಲ್ಲಿ ಸಿಕ್ಕಿಕೊಂಡಿತೆಂದು ಕೂಡಲೇ ಹತರಿ ಹೊಡೆಸಿದರೆ ಫೆಬ್ರವರಿಯಲ್ಲಿ ಸಂದಿಯಿಂದ ಹಲ್ಲಿ ತೂರುತ್ತದೆ.

ಸಾಗುವಾನಿಯ ಬೆಲೆ ನಿಲುಕದವರು ಹಲಸು, ಹೊನ್ನೆ, ಮತ್ತಿಗಳನ್ನು ನೋಡಬಹುದು. ಮತ್ತಿ ಗಟ್ಟಿ, ಆದರೆ ಚೆನ್ನಾಗಿ ಒಣಗದಿದ್ದರೆ ಬಿರಿಯುವ ಜಾತಿ. ಯಾವ ಮರವಾದರೂ ಚೇಗು ಮಾತ್ರ ಬಾಗಿಲಿಗೆ; ಬಿಳಿಯ ಹೊರಭಾಗ ಹುಳದ ಪಾಲು. ಮರದ ಅಡ್ಡಕೊಯ್ದ ತುದಿ ನೀರನ್ನು ಮೈಗಿಂತ ಎಷ್ಟೋ ಪಾಲು ಬೇಗ ಹೀರುತ್ತದೆ. ಕದದ ತಳಭಾಗಕ್ಕೆ ಬಣ್ಣ ಹಚ್ಚದೆ ನಿಲ್ಲಿಸಿಬಿಟ್ಟರೆ ಕಣ್ಣಿಗೆ ಕಾಣದ ಆ ನಾಲ್ಕಂಗುಲದಲ್ಲಿಯೇ ಕೊಳೆತ ಆರಂಭ. ಬಾಗಿಲನ್ನು ಬಿಜಾಗ್ರಿಗೆ ಏರಿಸುವ ಮುನ್ನವೇ ತಲೆ ಪಾದಗಳಿಗೆ ಎರಡು ಕೈ ಬಣ್ಣ ಕುಡಿಸತಕ್ಕದ್ದು. ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯೂ ಒರಲೆಯನ್ನು ದೂರವಿಡುತ್ತದೆ; ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆಂಬುದನ್ನು ಮರೆಯಬಾರದು.

ಕಬ್ಬಿಣದ ಕದ ತೆರೆಯ ಸದ್ದು ಕೇಳುವಷ್ಟು ದೂರದಲ್ಲಿ ಬೇಡವೇ ಬೇಡ. ಅಲ್ಯುಮಿನಿಯಂ ಹಗುರ, ಉಬ್ಬದು. ಆದರೆ ಅದಕ್ಕೆ ಕಬ್ಬಿಣದ ಸ್ಕ್ರೂ ಹೊಡೆದರೆ ಉಪ್ಪುನೀರಿನ ಸಂಪರ್ಕದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ತಿನ ಕ್ರಿಯೆ ನಡೆದು ತೂತಿನ ಸುತ್ತ ಬಿಳಿಪುಡಿ ಏಳುತ್ತದೆ. ಬಿಜಾಗ್ರಿ, ಚಿಲಕಗಳಿಗೆ ಹಳೆಯ ಹಿತ್ತಾಳೆಯನ್ನು ಮೀರಿಸಿದುದು ಕಡಿಮೆ. ತುಕ್ಕುರಹಿತ ಉಕ್ಕನ್ನೇ ಬಯಸುವವರು ಮಾಲಿಬ್ಡಿನಂ ಬೆರೆತ ೩೧೬ ಎಂಬ ಅಂಕೆಯದನ್ನು ಕೇಳಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ೩೦೪, ಕಡಲಬದಿಯಲ್ಲಿ ಕಂದುಚುಕ್ಕೆ ಹೊರುತ್ತದೆ. ಯು.ಪಿ.ವಿ.ಸಿ. ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಒರಲೆಯ ಭಯವೂ ಇಲ್ಲ, ಉಪ್ಪಿನ ಭಯವೂ ಇಲ್ಲ. ಆದರೆ ಅದರ ಹೊಟ್ಟೆಯೊಳಗೆ ಬಲಕ್ಕಾಗಿ ಉಕ್ಕಿನ ಕೊಳವೆಯಿರುತ್ತದೆ. ನೀರು ಹೊರಹೋಗುವ ಕೆಳಗಿನ ತೂತುಗಳು ಕಟ್ಟಿಕೊಂಡರೆ ತುಕ್ಕು ಒಳಗೊಳಗೇ ನಡೆಯುತ್ತದೆ. ಎರಡು ಮೀಟರಿನ ಕದ ಮೂವತ್ತು ಡಿಗ್ರಿ ಬಿಸಿಯೇರಿದರೆ ನಾಲ್ಕು ಮಿಲಿಮೀಟರು ಉದ್ದವಾಗುವುದರಿಂದ ಬಿಸಿಲಿನ ಮುಖಕ್ಕೆ ಕಡುಬಣ್ಣದ್ದು ಬೇಡ, ಬಿಳಿಯದೇ ಸರಿ.

ಗಾಜಿನ ವಿಷಯದಲ್ಲಿ ಮಾರಾಟಗಾರರು ಇಮ್ಮಡಿ ಗಾಜನ್ನು ಹೊಗಳುವುದುಂಟು. ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡು ಯಂತ್ರದ ತಂಪಿನಲ್ಲಿರುವ ಮನೆಗೆ ಅದರಿಂದ ಪ್ರಯೋಜನವಾದೀತು. ಕದ ತೆರೆದು ಗಾಳಿಗೆ ಕೂರುವ ಕುಟುಂಬಕ್ಕೆ ಅದು ದುಡ್ಡಿನ ದಂಡ. ಆ ದುಡ್ಡನ್ನು ಎರಡು ಹಾಳೆಗಳ ನಡುವೆ ಅಂಟುಪದರವಿರುವ ಗಾಜಿಗೆ ಹಾಕಬಹುದು. ತೆಂಗಿನಕಾಯಿಯೋ ಗಾಳಿಗೆ ಹಾರಿದ ಹಂಚೋ ಬಡಿದರೆ ಅದು ಬಿರಿಯುತ್ತದೆಯೇ ಹೊರತು ಕಳಚಿ ಬೀಳುವುದಿಲ್ಲ. ಮಳೆ ನಿಲ್ಲುವ ತನಕ ಬಾಗಿಲು ಬಾಗಿಲಾಗಿಯೇ ನಿಂತಿರುತ್ತದೆ. ಹದಗೊಳಿಸಿದ ಗಾಜು ಸಣ್ಣ ಹರಳುಗಳಾಗಿ ಉದುರುವುದರಿಂದ ಮಕ್ಕಳಿಗೆ ಅಪಾಯ ಕಡಿಮೆ. ಆದರೆ ಒಡೆದ ಗಳಿಗೆಯಿಂದ ಬಾಗಿಲು ಬರಿದಾಗುತ್ತದೆ. ಸಾದಾ ಗಾಜನ್ನು ಆಳೆತ್ತರದ ಕದಕ್ಕೆ ಹಾಕಿಸಲೇಕೂಡದು.

ಕೆಲಸ ಮುಗಿದ ದಿನ ಹಣದ ಕೊನೆಯ ಕಂತನ್ನು ಕೊಡುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯಿದೆ. ಕದವನ್ನು ಮುಚ್ಚಿ, ತೋಟಕ್ಕೆ ನೀರು ಬಿಡುವ ಕೊಳವೆಯಿಂದ ಹೊರಮೈಗೆ ಕೆಳಗಿನಿಂದ ಮೇಲಕ್ಕೆ ಕಾಲುಗಂಟೆ ನೀರು ಹೊಡೆಯಬೇಕು. ಒಳಗೆ ಒಬ್ಬರು ಹಳೆಯ ಪತ್ರಿಕೆಯ ಹಾಳೆಗಳನ್ನು ನೆಲದ ಮೇಲೆ ಹಾಸಿ ನೋಡುತ್ತಿರಬೇಕು. ಕಾಗದ ಎಲ್ಲಿ ತೋಯುವುದೋ ಅಲ್ಲಿ ಆಚಾರಿಗೆ ಇನ್ನೂ ಕೆಲಸವುಂಟು. ತರುವಾಯ ಪ್ರತಿವರ್ಷ ಮೃಗಶಿರೆಗೆ ಹದಿನೈದು ದಿನ ಮುಂಚೆ ಬಿಜಾಗ್ರಿಗೆ ಎಣ್ಣೆ, ತೂತುಗಳಿಗೆ ಕಡ್ಡಿ, ಕದದ ಪಾದಕ್ಕೆ ಒಂದು ಕೈ ಬಣ್ಣ. ತಟ್ಟಿಯ ಮಾತನ್ನೂ ಮರೆಯಬೇಕಾದುದಿಲ್ಲ. ಸೂರಿನ ಅಂಚಿಗೆ ನಾಲ್ಕು ಹಿತ್ತಾಳೆಯ ಕೊಂಡಿಗಳನ್ನು ಮೊದಲೇ ಕೂರಿಸಿಟ್ಟರೆ ಮಡಲಿನ ತಟ್ಟಿಯನ್ನೋ ದಪ್ಪ ಬಟ್ಟೆಯ ಪರದೆಯನ್ನೋ ಗಳಿಗೆಯಲ್ಲಿ ಇಳಿಬಿಡಬಹುದು.